ನಲವತ್ತೆಂಟು ದಿನದ ಜರ್ಮನ್

ಮೇಲ್ನೋಟಕ್ಕೆ ಯಜ್ಞನಾರಾಯಣರಿಗೆ ಯಾವ ವ್ಯಾಪಾರಿಯೂ ಒಳ್ಳೆಯ ಬೆಲೆ ಕಟ್ಟುತ್ತಿರಲಿಲ್ಲ. ಐವತ್ತು ಕಿಲೋ ಮೀರದ ಮೈ. ಒಮ್ಮೆ ಕಾಲರ್ ತಿರುವಿ ಹೊಲಿಸಿದ, ಇನ್ನು ತಿರುವಲು ಮಗ್ಗುಲೇ ಉಳಿಯದ ಅಂಗಿ. ಜೇಬಿನಲ್ಲಿ ಎರಡು ಪೆನ್ನು. ಅದರಲ್ಲಿ ಒಂದು ಬರೆಯುತ್ತಿರಲಿಲ್ಲ, ಜೋಡಿಗಿರಲಿ ಎಂದು ಇಟ್ಟದ್ದು. ಕೊಡೆ ಮಾತ್ರ ಒಳ್ಳೆಯ ಮಾಲು. ಮಾತು ಕಡಿಮೆ, ಆದರೆ ಪ್ರಶ್ನೆ ಶುರುವಾಯಿತೆಂದರೆ ಅಂಗಡಿಯವನು ಬಾಗಿಲು ಹಾಕಿಕೊಳ್ಳುವುದೇ ಕ್ಷೇಮ. ನಟ್ಟಿಗೆ ಆರೇ ಮೂಲೆ ಯಾಕೆ, ಎಂಟು ಯಾಕಿಲ್ಲ? ಬೀಗ ತುಕ್ಕು ಹಿಡಿದರೂ ಕೀಲಿ ಯಾಕೆ ಹಿಡಿಯುವುದಿಲ್ಲ? ಕೊಳ್ಳುವುದು ನಾಲ್ಕಾಣೆಯ ಮೊಳೆ, ಕೇಳುವುದು ನಾಲ್ಕು ರೂಪಾಯಿಯ ಪ್ರಶ್ನೆ. ಇಂಥ ಗಿರಾಕಿಯನ್ನು ಯಾರೇ ಆದರೂ ನಗುನಗುತ್ತ ಸಾಗಹಾಕುತ್ತಾರೆ. ಒಳ್ಳೆಯ ಮಾಲು ಕೈತಪ್ಪುವುದು ಹೀಗೆಯೇ.

ಸಾವಿರದ ಒಂಬೈನೂರ ಅರವತ್ತೇಳರಲ್ಲಿ ಅವರಿಗೆ ನಲವತ್ತೆರಡು ವರ್ಷ. ಹಳೇ ಮದ್ರಾಸು ರಸ್ತೆಯಲ್ಲಿ, ಕೃಷ್ಣರಾಜಪುರದ ಕಡೆಗಿದ್ದ ಒಂದು ಸರ್ಕಾರಿ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತರು. ಹದಿನೇಳು ವರ್ಷದಿಂದ ನಟ್ಟು, ಬೋಲ್ಟು, ವಾಷರುಗಳಿಗೆ ಚೀಟಿ ಬರೆಯುತ್ತಿದ್ದರು. ಅವರ ಕಿಟಕಿಯ ಎದುರಿಗೆ ಕಾರ್ಖಾನೆಯ ಲೈಬ್ರರಿ ಕಾಣುತ್ತಿತ್ತು. ಮೂರು ಬೀರು ಪುಸ್ತಕ, ಒಂದು ಫ್ಯಾನು, ಒಂದು ಕುರ್ಚಿ. ಕುರ್ಚಿಯಲ್ಲಿದ್ದವರು ನಿವೃತ್ತರಾಗಿ ಎರಡು ವರ್ಷವಾಗಿತ್ತು, ಫ್ಯಾನಿಗೂ ಕೆಲಸವಿರಲಿಲ್ಲ. ಯಜ್ಞನಾರಾಯಣರು ಆ ಕುರ್ಚಿಯನ್ನು, ಮಿಠಾಯಿ ಅಂಗಡಿಯ ಗಾಜಿಗೆ ಮೂಗು ಒತ್ತಿದ ಹುಡುಗನ ಹಾಗೆ, ಎರಡು ವರ್ಷದಿಂದ ನೋಡುತ್ತಿದ್ದರು.

ಒಂದು ದಿನ ಮ್ಯಾನೇಜರು ಶ್ರೀನಿವಾಸಮೂರ್ತಿಗಳು ಸ್ಟೋರ್ಸಿಗೆ ಬಂದರು. ಜರ್ಮನಿಯಿಂದ ಹಲ್ಲುಚಕ್ರಗಳನ್ನು ಸಾಣೆ ಹಿಡಿಯುವ ದೊಡ್ಡ ಯಂತ್ರವೊಂದು ಹಡಗು ಹತ್ತಿತ್ತು. ಅದನ್ನು ಕೂರಿಸಿಕೊಡಲು ಅಲ್ಲಿಯ ಫಿಟರೊಬ್ಬ ಮೂರು ವಾರಕ್ಕೆ ಬರುವವನಿದ್ದ. ಅವನಿಗೆ ಇಂಗ್ಲಿಷ್ ಬಾರದು. ಯಂತ್ರದ ಜೊತೆಗಿನ ಪುಸ್ತಕವೂ ಜರ್ಮನ್.

“ಇಲ್ಲಿ ಯಾರಿಗಾದ್ರೂ ಜರ್ಮನ್ ಬರುತ್ತೇನ್ರೀ?” ಮ್ಯಾನೇಜರ ದನಿಯಲ್ಲಿ ಆಸೆಯೇನೂ ಇರಲಿಲ್ಲ.

“ಬರಲ್ಲ ಸಾರ್,” ಎಂದರು ಯಜ್ಞನಾರಾಯಣರು. “ಆದ್ರೆ ಒಂದು ಮಂಡಲ ಟೈಮ್ ಕೊಟ್ರೆ ಕಲೀತೀನಿ.”

“ನಲವತ್ತೆಂಟು ದಿನ! ಅದು ಭಾಷೆ ಕಣ್ರೀ, ಸೊಂಟನೋವಿನ ಕಷಾಯ ಅಲ್ಲ.”

“ಕಲೀತೀನಿ ಸಾರ್.”

ಶ್ರೀನಿವಾಸಮೂರ್ತಿಗಳು ಕಿಟಕಿಯಾಚೆ ನೋಡಿದರು. ಗುಮಾಸ್ತರ ಕಣ್ಣು ಎಲ್ಲಿದೆಯೆಂದು ಅವರಿಗೂ ಗೊತ್ತಿತ್ತು. “ಆಯ್ತು. ಫಿಟರ್ ಇರೋ ಮೂರು ವಾರ ನೀವು ಸಂಭಾಳಿಸಿದ್ರೆ ಆ ಕುರ್ಚಿ ನಿಮ್ದು. ಆಗ್ಲಿಲ್ಲ ಅಂದ್ರೆ ಮತ್ತೆ ಅದರ ಮಾತು ನನ್ನ ಹತ್ರ ಎತ್ತಬಾರ್ದು.”

ನಲವತ್ತೆಂಟರ ಲೆಕ್ಕ ಗಾಳಿಯಿಂದ ಬಂದದ್ದಲ್ಲ. ಎಂಟನೆಯ ವಯಸ್ಸಿನಲ್ಲಿ ಯಜ್ಞನಾರಾಯಣರು ಸಂಸ್ಕೃತದ ಶಬ್ದರೂಪಗಳನ್ನು ಒಂದು ಮಂಡಲದಲ್ಲಿ ಬಾಯಿಪಾಠ ಮಾಡಿ ಅಜ್ಜನಿಗೆ ಒಪ್ಪಿಸಿ ಬೆಳ್ಳಿಯ ಲೋಟ ಗಿಟ್ಟಿಸಿದವರು. ಮೇಲೆ ಅವರ ಭಾವಮೈದ, ವಿಮಾ ಕಚೇರಿಯ ವೆಂಕಟಸುಬ್ಬಯ್ಯ, ಉಪ್ಪಿಟ್ಟು ತಿನ್ನುತ್ತ ಒಂದು ಮಾತು ಹೇಳಿದ್ದ: “ಜರ್ಮನ್ ಅಂದ್ರೆ ಏನು ಭಾವ? ಸಂಸ್ಕೃತದ ದಾಯಾದಿ. ನಿಮಗೆ ಅದು ಬರೋದೇನು, ಬಂದೇ ಇದೆ. ಧೂಳು ಹೊಡೀಬೇಕು ಅಷ್ಟೆ.” ದಾಯಾದಿ ಅಂದಮೇಲೆ ಅಷ್ಟು ಸುಲಭವಾಗಿ ಬಾಗಿಲು ತೆರೆಯುತ್ತಾನೆಯೇ ಎಂದು ಇಬ್ಬರೂ ಯೋಚಿಸಲಿಲ್ಲ.

ರಸೆಲ್ ಮಾರುಕಟ್ಟೆಯ ಹಿಂದೆ ಹಳೆಯ ಪುಸ್ತಕ ಮಾರುವ ಲತೀಫನ ಅಂಗಡಿಯಿತ್ತು. ಆರು ಭಾಷೆಯಲ್ಲಿ ಚೌಕಾಸಿ ಮಾಡುತ್ತಿದ್ದ ಲತೀಫ್ ಒಂದರಲ್ಲೂ ಸಹಿ ಹಾಕುತ್ತಿರಲಿಲ್ಲ. ಯಾವುದೋ ಪಾದ್ರಿಯ ಮನೆಯಿಂದ ತೂಕಕ್ಕೆ ಬಂದಿದ್ದ ಜರ್ಮನ್ ವ್ಯಾಕರಣ ಮತ್ತು ನಿಘಂಟನ್ನು ಅವನು ಮೂಟೆಯ ತಳದಿಂದ ಎಳೆದು ಕೊಟ್ಟ.

“ಎಷ್ಟು ಜರ್ಮನ್ ಬೇಕು ಸಾಮಿ ನಿಮ್ಗೆ? ಪಾವ್ ಕಿಲೋನಾ, ಪೂರಾ ಮೂಟೆನಾ?”

“ಪೂರ್ತಿ ಬೇಕು.”

“ಅರೆ, ನಂಗೆ ನಮ್ಮನೆ ಮಾತೇ ಪೂರ್ತಿ ಬರಲ್ಲ ಸಾಮಿ. ನಮ್ಮ ಫಹ್ಮಿದಾ ಬೈಯೋಕೆ ಶುರು ಮಾಡಿದ್ರೆ ಅರ್ಧ ಅರ್ಥಾನೇ ಆಗಲ್ಲ.” ಹೆಂಡತಿಯ ಹೆಸರೆತ್ತಿದ ತಪ್ಪಿಗೆ ಅವನು ಒಳಬಾಗಿಲ ಕಡೆ ಒಮ್ಮೆ ತಿರುಗಿ ನೋಡಿಕೊಂಡ.

ಮಾರನೆಯ ಬೆಳಿಗ್ಗೆಯಿಂದ ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದಿಯ ಅವರ ಮನೆಯಲ್ಲಿ ಜರ್ಮನ್ ಪಾರಾಯಣ ಶುರುವಾಯಿತು. ಸ್ನಾನ ಮಾಡಿ, ಮಣೆಯ ಮೇಲೆ ಕೂತು, ಕಣ್ಣು ಮುಚ್ಚಿ, “ಡೆರ್, ಡೆಸ್, ಡೆಮ್, ಡೆನ್” ಎಂದು ಏರಿಳಿತದಲ್ಲಿ ಒಂದೂವರೆ ಗಂಟೆ. ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಮೂರು ದಿನ ಕೇಳಿಸಿಕೊಂಡು, ನಾಲ್ಕನೆಯ ದಿನ ತಟ್ಟೆಯಲ್ಲಿ ತೆಂಗಿನಕಾಯಿ, ಹೂವು ಇಟ್ಟುಕೊಂಡು ಬಂದರು.

“ಸೀತಮ್ಮನೋರೆ, ಯಜಮಾನ್ರು ಯಾವ ದೇವ್ರಿಗೆ ವ್ರತ ಹಿಡಿದವ್ರೆ? ನಮ್ಮ ಸೊಸೆಗೂ ಒಂಚೂರು ಸಂಕಲ್ಪ ಮಾಡಿಸ್ಬೇಕಿತ್ತು.”

“ಲೈಬ್ರರಿ ಕುರ್ಚಿಗೆ ಕಣ್ರೀ,” ಎಂದರು ಸೀತಮ್ಮ. ತೆಂಗಿನಕಾಯಿಯನ್ನು ವಾಪಸು ಕೊಡಲಿಲ್ಲ.

ನಲವತ್ತೆಂಟನೆಯ ದಿನ ಪಾಯಸ. ಅಷ್ಟು ಹೊತ್ತಿಗೆ ಯಜ್ಞನಾರಾಯಣರ ಹೊಟ್ಟೆಯಲ್ಲಿ ಸಾವಿರದ ಆರುನೂರು ಪದಗಳಿದ್ದವು. ಎಲ್ಲಿಂದ ಹಿಡಿದು ಕೇಳಿದರೂ ಒಪ್ಪಿಸುತ್ತಿದ್ದರು, ಹಿಂದಿನಿಂದ ಮುಂದಕ್ಕೂ. ಸೀತಮ್ಮ ಒಲೆಯ ಮುಂದೆ ನಿಂತು ನಿಜವಾದ ಕುತೂಹಲದಿಂದ ಕೇಳಿದರು: “ಸರಿ, ಈಗ ಒಂದು ಮಾತು ಆಡಿ ತೋರಿಸಿ. ‘ಹಾಲು ಉಕ್ತಾ ಇದೆ, ಪಾತ್ರೆ ಇಳಿಸು’ ಅನ್ನೋಕೆ ಏನನ್ಬೇಕು?”

ಯಜ್ಞನಾರಾಯಣರು ಕಣ್ಣು ಮುಚ್ಚಿದರು. ಹಾಲು ಸಿಕ್ಕಿತು. ಪಾತ್ರೆಯೂ ಸಿಕ್ಕಿತು. ಅವೆರಡನ್ನೂ ಯಾವ ಹಗ್ಗದಿಂದ ಕಟ್ಟಬೇಕೆಂದು ಹುಡುಕುತ್ತ ವ್ಯಾಕರಣದ ಒಂದು ಕೋಷ್ಟಕದಿಂದ ಇನ್ನೊಂದಕ್ಕೆ ಹೋದರು. ಮೂರನೆಯ ಕೋಷ್ಟಕ ಮುಗಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಅವರ ಮುಖ ನೋಡುತ್ತ ನಿಂತಿದ್ದ ಸೀತಮ್ಮ ಹಾಲನ್ನು ಮರೆತಿದ್ದರು.

“ಇರಲಿ ಬಿಡಿ,” ಎಂದರು ಒಲೆ ಒರೆಸುತ್ತ. “ಜರ್ಮನಿಯಲ್ಲಿ ಹಾಲು ನಿಧಾನವಾಗಿ ಉಕ್ಕುತ್ತೇನೋ.”

ಫಿಟರು ಬಂದಿಳಿದ. ಅರವತ್ತರ ಅಂಚಿನ ಬಿಳಿ ಮೀಸೆಯ ಮನುಷ್ಯ. ಕಾರ್ಖಾನೆಯವರು ಮೊದಲ ದಿನವೇ ಅವನಿಗೆ ‘ಜರ್ಮನ್ ತಾತ’ ಎಂದು ಹೆಸರಿಟ್ಟರು. ಯಜ್ಞನಾರಾಯಣರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಾರದಿಂದ ತಯಾರು ಮಾಡಿದ್ದ ಸ್ವಾಗತದ ಮೂರು ವಾಕ್ಯಗಳನ್ನು ಒಂದು ಕೊಂಬೂ ತಪ್ಪದಂತೆ ಒಪ್ಪಿಸಿದರು. ಶ್ರೀನಿವಾಸಮೂರ್ತಿಗಳ ಹುಬ್ಬು ಮೇಲೇರಿತು. ತಾತನ ಮುಖ ಅರಳಿತು. ಅಬ್ಬಾ, ಇಲ್ಲೊಬ್ಬ ಮಾತಿಗೆ ಸಿಕ್ಕಿದ ಎಂದು ಅವನು ಬಾಯಿ ಬಿಟ್ಟ. ಬಿಟ್ಟದ್ದನ್ನು ಐದು ನಿಮಿಷ ಮುಚ್ಚಲಿಲ್ಲ. ಸಾವಿರದ ಆರುನೂರರಲ್ಲಿ ಒಂದೇ ಒಂದು ಪದವೂ ಆ ಪ್ರವಾಹದಲ್ಲಿ ತಲೆಯೆತ್ತಿ ಯಜ್ಞನಾರಾಯಣರಿಗೆ ಕೈ ಬೀಸಲಿಲ್ಲ. ಅವರು ತಲೆ ಆಡಿಸಿ “ಯಾ, ಯಾ” ಎಂದರು. ಹೌದು, ಹೌದು.

ಮ್ಯಾನೇಜರು ಅವರ ಬೆನ್ನು ತಟ್ಟಿ ಹೋದರು. ಯಜ್ಞನಾರಾಯಣರಿಗೆ ಆ ಪೆಟ್ಟು ಎರಡು ದಿನ ಉರಿಯಿತು.

ಯಂತ್ರ ಕೂರಿಸುವ ಕೆಲಸ ಖಲಾಸಿಗಳ ಮೇಸ್ತ್ರಿ ಮುನಿಆಂಜನಪ್ಪನದು. ಗರುಡಾಚಾರ್‌ಪಾಳ್ಯದವನು; ಮನೆಯಲ್ಲಿ ರಾಗಿ ಹೊಲವಿತ್ತು. ಆನೆಯ ತೂಕದ ಯಂತ್ರವನ್ನು ಮರದ ದಿಮ್ಮಿಗಳ ಮೇಲೆ ಉರುಳಿಸಿ, ಕೂದಲೆಳೆ ಆಚೀಚೆಯಾಗದಂತೆ ಕೂರಿಸುವ ಕೈ ಅವನದು. ಮನೆಯಲ್ಲಿ ತೆಲುಗು, ಊರಲ್ಲಿ ಕನ್ನಡ, ಗ್ಯಾಂಗಿನಲ್ಲಿ ತಮಿಳು, ಸಂತೆಯಲ್ಲಿ ದಖನಿ ಉರ್ದು. ಜರ್ಮನ್ ಭಾಷೆಯೊಂದು ಇದೆಯೆಂದು ಅವನಿಗೆ ತಿಳಿದದ್ದೇ ಆ ಸೋಮವಾರ. ಆದರೂ ಬುಧವಾರಕ್ಕೆ ಅವನೂ ತಾತನೂ ಒಬ್ಬರ ತೊಡೆ ಒಬ್ಬರು ತಟ್ಟಿಕೊಂಡು ನಗುತ್ತಿದ್ದರು.

ಬೇರೆಯವರಾಗಿದ್ದರೆ ಹೊಟ್ಟೆ ಉರಿದುಕೊಂಡು ಸುಮ್ಮನಾಗುತ್ತಿದ್ದರು. ಯಜ್ಞನಾರಾಯಣರಿಗೂ ಹೊಟ್ಟೆ ಉರಿಯಿತು, ಆದರೆ ಅದಕ್ಕಿಂತ ಹೆಚ್ಚಾಗಿ ಇದು ಹೇಗೆ ಎಂಬ ಪ್ರಶ್ನೆ ಕಚ್ಚಿತು. ಒಂದು ನೋಟುಪುಸ್ತಕ ಹಿಡಿದು ಯಂತ್ರದ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಇಡೀ ದಿನ ಕೂತರು. ಸಂಜೆಗೆ ಲೆಕ್ಕ ಸಿಕ್ಕಿತು: ಮುನಿಆಂಜನಪ್ಪ ದಿನವಿಡೀ ಆಡಿದ್ದು ಹನ್ನೊಂದು ಜರ್ಮನ್ ಪದ. ಅದರಲ್ಲಿ ಆರು ತಪ್ಪು.

“ಮುನಿಆಂಜನಪ್ಪ, ಆ ಮನುಷ್ಯ ಹೇಳಿದ್ದು ನಿನಗೆ ಹೆಂಗೆ ತಿಳೀತಪ್ಪಾ?”

“ತಿಳೀತು ಅಂತ ಯಾರಂದ್ರು ಅಯ್ನೋರೆ? ಅವ್ನಿಗೂ ನಟ್ಟು ಬಿಗಿಯಾಗ್ಬೇಕು, ನಂಗೂ ಅದೇ ನಟ್ಟು ಬಿಗಿಯಾಗ್ಬೇಕು. ಇನ್ನು ತಿಳ್ಕೊಳಾದೇನೈತೆ?”

“ಮತ್ತೆ ನಗ್ತಾ ಇದ್ರಲ್ಲ?”

“ಅವ್ನು ನಕ್ಕ, ನಾನೂ ನಕ್ಕೆ. ಒಬ್ನೇ ನಕ್ರೆ ಚೆಂದಾಗಿರಲ್ಲ ಅಲ್ವ್ರಾ?”

ಆ ಸಂಜೆ ಕಾರ್ಖಾನೆಯ ಬಸ್ಸಿನಲ್ಲಿ ಯಜ್ಞನಾರಾಯಣರು ಇನ್ನೊಂದು ಲೆಕ್ಕ ಹಾಕಿದರು. ತಮಗೆ ತಮಿಳು ಬರುತ್ತದೆ. ಯಾವಾಗ ಕಲಿತೆ? ಹಲಸೂರಿಗೆ ಬಂದ ಹೊಸತರಲ್ಲಿ ಸೊಪ್ಪಿನ ಪಟಾಲಮ್ಮನ ಎದುರು ಬೆರಳು ಮಡಚಿ ತೋರಿಸುತ್ತಿದ್ದದ್ದು ನೆನಪಿಗೆ ಬಂತು. ಅವಳ ಜೊತೆ ಜಗಳವಾಡಿ ಗೆದ್ದದ್ದು ಯಾವಾಗ? ಆರೇಳು ವರ್ಷ ಕಳೆದ ಮೇಲೆ. ಕಂಟೋನ್ಮೆಂಟಿನ ಮಂದಿಯೆಲ್ಲ ನಮಗೆ ಐದು ಭಾಷೆ ಬರುತ್ತದೆ ಎಂದು ಮೀಸೆ ತಿರುವುತ್ತಾರೆ; ಎಷ್ಟು ವರ್ಷ ಹಿಡಿಯಿತೆಂದು ಯಾರೂ ಬರೆದಿಟ್ಟಿಲ್ಲ. ಬೀದಿಯೇ ಪಾಠ ಹೇಳಿತ್ತು, ಬೀದಿ ಲೆಕ್ಕ ಕೇಳಿರಲಿಲ್ಲ. ಹಲಸೂರಿನಲ್ಲಿ ಜರ್ಮನ್ ಮಾತಾಡುವ ಬೀದಿಯೂ ಇರಲಿಲ್ಲ. ಅಂಥದ್ದನ್ನು ನಲವತ್ತೆಂಟು ದಿನಕ್ಕೆ ಒಪ್ಪಿಕೊಂಡೆನಲ್ಲ ಎಂದು ಅವರಿಗೆ ತಮ್ಮ ಮೇಲೇ ಕುತೂಹಲವಾಯಿತು.

ಎಂಟನೆಯ ದಿನ ಯಂತ್ರ ತಿರುಗಿತು. ಒಂಬತ್ತನೆಯ ದಿನ ಮುನಿಆಂಜನಪ್ಪ ತಾನಾಗಿಯೇ ಸ್ಟೋರ್ಸಿನ ಕಿಟಕಿಗೆ ಬಂದ. ಮುಖ ಸಪ್ಪಗಿತ್ತು.

“ತಾತ ಬೆಳಗ್ಗಿಂದ ಎಣ್ಣೆ ಮುಚ್ಚಳ ತೋರ್ಸಿ ಏನೋ ಬಡ್ಕೊಂತಾವ್ನೆ ಅಯ್ನೋರೆ. ಬೆಳ್ಳು ಎತ್ತಾನೆ, ತಲೆ ಒದರ್ತಾನೆ, ಗೋಡೆ ಮೇಲಿನ ಕ್ಯಾಲೆಂಡ್ರು ತಿರುವ್ತಾನೆ. ಎಣ್ಣೆ ಇಚಾರ, ಅಷ್ಟು ಗೊತ್ತಾಯ್ತದೆ. ಹಾಕು ಅಂತಾನೋ, ಹಾಕ್ಬೇಡ ಅಂತಾನೋ, ಯಾವಾಗ್ಲೋ, ದೇವ್ರಾಣೆ ತಿಳೀತಿಲ್ಲ. ಕಣ್ಮುಂದೆ ಇರಾದನ್ನ ಬೆಟ್ಟು ಮಾಡಿ ತೋರಿಸ್ಬೋದು. ಇನ್ನೂ ಬರ್ದಿರೋ ತಿಂಗ್ಳನ್ನ ಅವ್ನು ಎಲ್ಲಿಂದ ತೋರ್ಸಾನು?”

ಯಜ್ಞನಾರಾಯಣರು ಚೀಟಿಯ ಕಟ್ಟನ್ನು ಪಕ್ಕಕ್ಕಿಟ್ಟು ಯಂತ್ರದ ಪುಸ್ತಕ ತೆಗೆದರು. ನೂರ ನಲವತ್ತು ಪುಟ. ಎಣ್ಣೆಯ ಪದ ಗೊತ್ತಿತ್ತು. ಅದು ಎಲ್ಲೆಲ್ಲಿ ಗುಂಪುಗೂಡಿದೆ ಎಂದು ಹುಡುಕಿದರು. ನಿಘಂಟು ತೊಡೆಯ ಮೇಲೆ, ಪುಸ್ತಕ ಮೇಜಿನ ಮೇಲೆ. ಊಟದ ಗಂಟೆ ಹೊಡೆಯಿತು, ಮುಗಿದ ಗಂಟೆಯೂ ಹೊಡೆಯಿತು, ಟೀ ಬಂದು ಆರಿತು. ಅರ್ಧ ಪುಟ ಬಿಡಿಸಿಕೊಂಡಿತು. ಮೊದಲ ಇನ್ನೂರು ಗಂಟೆ ಓಡಿದ ಮೇಲೆ ಹಳೆಯ ಎಣ್ಣೆಯನ್ನು ಪೂರ್ತಿ ಬಸಿಯಬೇಕು, ಒಳಗೆ ತೊಳೆಯಬೇಕು, ಹೊಸದನ್ನು ತುಂಬಬೇಕು. ಹಳೆಯದರ ಮೇಲೆ ಹೊಸದನ್ನು ಸುರಿಯಕೂಡದು. ಆಡಿದ ಮಾತು ಓಡುತ್ತದೆ, ಅಚ್ಚಾದ ಮಾತು ನಾವು ಬರುವತನಕ ನಿಂತಿರುತ್ತದೆ. ಹೊಟ್ಟೆಯೊಳಗೆ ಸುಮ್ಮನೆ ಬಿದ್ದಿದ್ದ ಕೋಷ್ಟಕಗಳು ಮೊದಲ ಬಾರಿಗೆ ಕೆಲಸಕ್ಕೆ ಬಂದಿದ್ದವು.

ಅವರು ನೇರ ಮ್ಯಾನೇಜರ ಕೋಣೆಗೆ ಹೋದರು.

“ಸಾರ್, ನನಗೆ ಜರ್ಮನ್ ಬರಲ್ಲ.”

ಶ್ರೀನಿವಾಸಮೂರ್ತಿಗಳು ಕನ್ನಡಕ ತೆಗೆದರು. “ದಿನಾ ಅವನ ಜೊತೆ ಮಾತಾಡ್ತಿದ್ದೀರಲ್ರೀ?”

“ಅವರು ಮಾತಾಡ್ತಾರೆ ಸಾರ್. ನಾನು ಯಾ, ಯಾ ಅಂತೀನಿ.”

“ಶಿವನೇ. ಮತ್ತೆ ಕುರ್ಚಿ?”

“ಕುರ್ಚಿ ಬಿಡಿ ಸಾರ್. ಆ ಪುಸ್ತಕದಲ್ಲಿ ಮಾಡಬಾರದ್ದು ಅಂತಲೇ ಆರು ಪುಟ ಇದೆ. ಫಿಟರ್ ಹೋಗೋಕೆ ಹನ್ನೆರಡು ದಿನ. ನಾನು ದಿನಕ್ಕೆ ಅರ್ಧ ಪುಟ ಓದಬಲ್ಲೆ, ಅದಕ್ಕಿಂತ ಒಂದು ಸಾಲೂ ಹೆಚ್ಚಿಲ್ಲ. ಸರಿಯಾಗಿ ಓದಿದ್ದೀನೋ ಇಲ್ವೋ ಅಂತ ನನಗೇ ಗೊತ್ತಾಗಲ್ಲ. ಅದಕ್ಕೆ ಮುನಿಆಂಜನಪ್ಪ ಬೇಕು.”

“ಅವನಿಗೆ ಓದೋಕೆ ಬರಲ್ವಲ್ರೀ.”

“ನನಗೆ ಮಾಡೋಕೆ ಬರಲ್ವಲ್ಲ ಸಾರ್.”

ಹೀಗೆ ಆ ಕಾರ್ಖಾನೆಯಲ್ಲಿ ಯಾರೂ ಕಂಡಿರದ ಒಂದು ಕೆಲಸದ ರೀತಿ ಶುರುವಾಯಿತು. ಬೆಳಿಗ್ಗೆ ಯಜ್ಞನಾರಾಯಣರು ಅರ್ಧ ಪುಟ ಬಿಡಿಸುವುದು. ಮಧ್ಯಾಹ್ನ ಯಂತ್ರದ ಮುಂದೆ ನಿಂತು ಅದನ್ನು ಕನ್ನಡದಲ್ಲಿ ಹೇಳುವುದು. ಮುನಿಆಂಜನಪ್ಪ ಹೇಳಿದಂತೆ ಕೈಯಿಂದ ಮಾಡಿ ತೋರಿಸುವುದು. ಪಕ್ಕದಲ್ಲಿ ಪೆಟ್ಟಿಗೆಯ ಮೇಲೆ ಕೂತ ತಾತ ಆ ಕೈಗಳನ್ನು ಮಾತ್ರ ನೋಡುವುದು. ಸರಿಯಿದ್ದರೆ ಮೀಸೆ ಕುಣಿಯುತ್ತಿತ್ತು. ತಪ್ಪಿದರೆ ಹಣೆ ಚಚ್ಚಿಕೊಳ್ಳುತ್ತಿದ್ದ. ಭಾಷೆ ಗೊತ್ತಿರುವವನೊಬ್ಬ, ಪುಸ್ತಕ ಓದುವವನೊಬ್ಬ, ಕೆಲಸ ಬಲ್ಲವನೊಬ್ಬ. ಮೂವರನ್ನೂ ಕೂಡಿಸಿದರೆ ಒಬ್ಬ ದುಭಾಷಿಯ ತೂಕ ಬರುತ್ತಿತ್ತು.

ಈ ಏರ್ಪಾಡಿನ ನಾಲ್ಕನೆಯ ದಿನ ಯಜ್ಞನಾರಾಯಣರು ಒಂದು ಸಾಲು ಹಾರಿಸಿ ಓದಿದ್ದರು. ಮುನಿಆಂಜನಪ್ಪ ಹಿಡಿಕೆಗೆ ಕೈ ಹಾಕಿದ್ದೇ ತಡ, ತಾತ ಚೀರಿ ಹಾರಿಬಂದು ಅವನ ಮಣಿಕಟ್ಟು ಹಿಡಿದ. ಪುಸ್ತಕ ಕಿತ್ತುಕೊಂಡು, ಬಿಟ್ಟುಹೋದ ಸಾಲಿನ ಮೇಲೆ ಉಗುರು ಊರಿದ. ಮೊದಲು ಚಕ್ರ ಪೂರ್ತಿ ನಿಲ್ಲಬೇಕು ಎಂದಿತ್ತು ಅಲ್ಲಿ.

“ಅಯ್ನೋರೆ,” ಎಂದ ಮುನಿಆಂಜನಪ್ಪ ಬೆವರು ಒರೆಸಿಕೊಳ್ಳುತ್ತ, “ನಿಮ್ಮ ಜರ್ಮನ್ನಿಗೆ ನನ್ನ ಬೆಳ್ಳು ಹೋಗಿದ್ರೆ ನಮ್ಮೆಂಡ್ರು ತೆಲುಗ್ನಾಗೇ ಕೇಳೋರು.”

ಅಂದಿನಿಂದ ಯಜ್ಞನಾರಾಯಣರು ಓದಿದ ಸಾಲಿಗೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದರು, ತಿಳಿಯದ್ದಕ್ಕೆ ಸೊನ್ನೆ. ಸೊನ್ನೆ ಹಾಕಿದ್ದನ್ನು ನಾಚಿಕೆಯಿಲ್ಲದೆ ತಾತನ ಮುಂದೆ ಹಿಡಿಯುತ್ತಿದ್ದರು. ತಾತ ಅದನ್ನು ಯಂತ್ರದ ಮೇಲೆ ಮಾಡಿ ತೋರಿಸುತ್ತಿದ್ದ. ಆರು ಪುಟ ಹನ್ನೊಂದು ದಿನಕ್ಕೆ ಮುಗಿಯಿತು.

ಹೊರಡುವ ದಿನ ತಾತ ಯಜ್ಞನಾರಾಯಣರ ಕೈ ಹಿಡಿದು ತುಂಬ ಹೊತ್ತು ಏನೋ ಹೇಳಿದ. ಈ ಸಲ ಅವರು ಯಾ ಎನ್ನಲಿಲ್ಲ. ಕಾಗದ, ಪೆನ್ಸಿಲು ಮುಂದಿಟ್ಟರು. ತಾತ ನಗುತ್ತ ನಾಲ್ಕು ಸಾಲು ಬರೆದುಕೊಟ್ಟು ಕಾರು ಹತ್ತಿದ. ಕೈಬರಹ ಬಿಡಿಸಲು ಯಜ್ಞನಾರಾಯಣರಿಗೆ ಎರಡು ದಿನ ಹಿಡಿಯಿತು. ಯಂತ್ರವನ್ನು ಚೆನ್ನಾಗಿ ನೋಡಿಕೊಳ್ಳಿ, ಮೇಸ್ತ್ರಿಗೆ ನನ್ನ ನಮಸ್ಕಾರ ಎಂದು ಎರಡು ಸಾಲು. ಉಳಿದೆರಡು: ನನ್ನ ಕಾಫಿಗೆ ಸಕ್ಕರೆ ಬೇಡವೆಂದು ಮೊದಲ ದಿನದಿಂದ ನಿಮಗೆ ಹೇಳುತ್ತಿದ್ದೇನೆ, ಪ್ರತಿ ಸಲವೂ ನೀವು ಹೌದು ಹೌದು ಎಂದಿರಿ, ಪ್ರತಿ ಸಲವೂ ಅದು ಇನ್ನಷ್ಟು ಸಿಹಿಯಾಗಿ ಬಂತು.

ಆ ಕಾಗದವನ್ನೂ ಅವರು ಮ್ಯಾನೇಜರಿಗೆ ತೋರಿಸಿದರು. ಶ್ರೀನಿವಾಸಮೂರ್ತಿಗಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಮೇಜಿನ ಮೇಲಿದ್ದ ಯಂತ್ರದ ಪುಸ್ತಕವನ್ನು ಇವರ ಕಡೆ ತಳ್ಳಿದರು.

“ಉಳಿದ ಪುಟ ಎಷ್ಟ್ರೀ?”

“ನೂರ ಮೂವತ್ತನಾಲ್ಕು ಸಾರ್.”

“ಎಷ್ಟು ದಿನ? ಮಂಡಲಾನಾ?”

“ಒಂದು ವರ್ಷ ಸಾರ್. ಹೆಚ್ಚೂ ಆಗಬಹುದು. ಮುಗಿದ ಮೇಲೂ ಈ ಯಂತ್ರದ ಜರ್ಮನ್ ಬರುತ್ತೆ ಅಷ್ಟೆ. ಅವರು ಇನ್ನೊಂದು ಸಲ ಬಂದ್ರೆ ಮಾತು ತಿಳಿಯುತ್ತೆ ಅಂತ ಹೇಳಲಾರೆ.”

“ಈ ವರ್ಷ ನನ್ನ ಮೇಜಿಗೆ ಬಂದ ಮೊದಲ ನಿಜವಾದ ಅಂದಾಜು ಇದು,” ಎಂದರು ಶ್ರೀನಿವಾಸಮೂರ್ತಿಗಳು. “ಸೋಮವಾರದಿಂದ ಲೈಬ್ರರಿಗೆ ಹೋಗಿ ಕೂತ್ಕೊಳ್ಳಿ. ಫ್ಯಾನು ಓಡುತ್ತೋ ಇಲ್ವೋ ನೋಡಿ.”

ಪುಸ್ತಕ ಮುಗಿಯಲು ಹದಿನಾರು ತಿಂಗಳು ಹಿಡಿಯಿತು. ಅದಾದ ಮೇಲೆ ಅದೇ ಜಾತಿಯ ಇನ್ನೂ ನಾಲ್ಕು ಯಂತ್ರಗಳ ಪುಸ್ತಕಗಳು ಅವರ ಕೈಯಲ್ಲಿ ಕನ್ನಡ, ಇಂಗ್ಲಿಷ್ ಕಂಡವು. ಮಾತು ಕೊನೆಗೂ ಬರಲಿಲ್ಲ. ಎಪ್ಪತ್ತನಾಲ್ಕರಲ್ಲಿ ಇಂದಿರಾನಗರದಲ್ಲಿ ಸೈಟು ಸಿಕ್ಕಿ ಮನೆ ಕಟ್ಟಿಸಿದರು. ಸುತ್ತ ಇನ್ನೂ ಖಾಲಿ ನಿವೇಶನಗಳು, ಸಂಜೆಗೆ ಮೇಯುವ ಎಮ್ಮೆಗಳು. ಜರ್ಮನಿಗೆ ಹೊರಟ ಇಂಜಿನಿಯರುಗಳು ಅಲ್ಲಿಗೆ ಹುಡುಕಿಕೊಂಡು ಬಂದು ಎಷ್ಟು ದಿನದಲ್ಲಿ ಕಲಿಯಬಹುದು ಎಂದು ಕೇಳುತ್ತಿದ್ದರು.

“ದಿನಕ್ಕೊಂದು ಗಂಟೆ ಕೂತ್ರೆ ವರ್ಷಕ್ಕೆ ಅಂಗಡೀಲಿ ಸಾಮಾನು ಕೇಳ್ತೀರಿ. ಇನ್ನೊಂದು ವರ್ಷಕ್ಕೆ ಅಂಗಡಿಯವನು ಏನಂದ ಅಂತ ತಿಳಿಯುತ್ತೆ. ಅವರ ಹಾಸ್ಯಕ್ಕೆ ಯಾವಾಗ ನಗ್ತೀರಿ ಅಂತ ನನ್ನ ಕೇಳಬೇಡಿ. ನಾನು ಇನ್ನೂ ನಕ್ಕಿಲ್ಲ.”

ಬಂದವರಲ್ಲಿ ಮುಕ್ಕಾಲು ಪಾಲು ಮತ್ತೆ ಬರಲಿಲ್ಲ. ಮೂರು ತಿಂಗಳಲ್ಲಿ ಕಲಿಸುತ್ತೇವೆ ಎನ್ನುವ ಬೋರ್ಡು ಬೇರೆ ಕಡೆ ಇದ್ದೇ ಇರುತ್ತಿತ್ತು. ಉಳಿದವರಿಗೆ ಸೀತಮ್ಮ ಕಾಫಿ ಕೊಡುತ್ತಿದ್ದರು.

ಎಪ್ಪತ್ತಾರರಲ್ಲಿ, ಅವರು ನಾಲ್ಕಾಣೆಯ ಮೊಳೆ ಕೊಳ್ಳಲು ಬರುತ್ತಿದ್ದ ಶಿವಾಜಿನಗರದ ನಮ್ಮ ಹಾರ್ಡ್‌ವೇರ್ ಅಂಗಡಿಗೆ ಹರಾಜಿನಲ್ಲಿ ಒಂದು ಹಳೆಯ ಜರ್ಮನ್ ಯಂತ್ರ ಬಂತು, ಪೈಪಿನ ತುದಿಗೆ ಥ್ರೆಡ್ ಹಾಕುವಂಥದು. ಜೊತೆಗೆ ಹನ್ನೊಂದು ಪುಟದ ಪುಸ್ತಕ. ಹಾಕಿದ ಪೈಪನ್ನೆಲ್ಲ ಅದು ಸೀಳಿ ಕೊಡುತ್ತಿತ್ತು. ವಿಷಯ ಕೇಳಿದ ಯಜ್ಞನಾರಾಯಣರು ಇದು ಬೇರೆ ಜಾತಿಯ ಯಂತ್ರ, ಅರ್ಧ ತಿಳಿಯಬಹುದು, ಅರ್ಧ ತಿಳಿಯದೆ ಹೋಗಬಹುದು ಎಂದು ಮೊದಲೇ ಹೇಳಿದರು. ಏಳು ಭಾನುವಾರ ಇಂದಿರಾನಗರದಿಂದ ಬಸ್ಸಿನಲ್ಲಿ ಬಂದರು. ಎಂಟು ಪುಟ ತಿಳಿಯಿತು, ಮೂರು ತಿಳಿಯಲಿಲ್ಲ, ಎಂಟೇ ಸಾಕಾಯಿತು. ಕೂಲಿಯೆಂದು ಊಟ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಆ ಯಂತ್ರದಿಂದಲೇ ನಮ್ಮ ಅಂಗಡಿ ನಿಂತಿತು. ಆ ಏಳು ಭಾನುವಾರಗಳನ್ನು ನಾನು ಅವರಿಗೆ ಇನ್ನೂ ಕೊಡಬೇಕಾಗಿದೆ.